ಶಿಬಿರಕ್ಕೆ ಹೋದ ಜಡೆ

ಹುಣಸೂರಿನಾಚೆ ಪಿರಿಯಾಪಟ್ಟಣದ ರಸ್ತೆಯಲ್ಲಿ ಸಿಸ್ಟರ್‌ಗಳು ನಡೆಸುವ ಶಾಲೆಯೊಂದಿದೆ, ಅಲ್ಲಿ ಮೇ ತಿಂಗಳಲ್ಲಿ ಹತ್ತು ದಿನ ಬೇಸಿಗೆ ಶಿಬಿರ ಮಾಡುತ್ತಾರೆ, ಹೊರಗಿನ ಮಕ್ಕಳನ್ನೂ ಸೇರಿಸಿಕೊಳ್ಳುತ್ತಾರೆ ಎಂದು ದೇವರಾಜುವಿಗೆ ಹೇಳಿದವನು ಪಕ್ಕದ ಹೊಲದ ಚಾಮಯ್ಯ. ಅವನ ಮಗಳು ಹಿಂದಿನ ವರ್ಷ ಹೋಗಿ ಬಂದಿದ್ದಳು.

"ಓಗೋವಾಗ ನಮ್ಮುಡುಗಿ ಬಾಯಿಗೆ ಬೀಗ ಹಾಕ್ಕೊಂಡಿತ್ತು ಕಣ್ಲಾ. ಬಂದ್ಮೇಲೆ ನಂಗೂ ನಮ್ಮನೆಯೋಳ್ಗೂ ಮಾತಾಡಕ್ಕೆ ಸರದಿನೇ ಸಿಗ್ನಿಲ್ಲ," ಎಂದು ಚಾಮಯ್ಯ ನಕ್ಕ.

ದೇವರಾಜುವಿಗೆ ಬೇಕಾಗಿದ್ದದ್ದೂ ಅದೇ. ಅವನ ಮಗ ಯತೀಶ ಹಂಪಾಪುರದ ಹತ್ತಿರದ ತಮ್ಮೂರ ಶಾಲೆಯಲ್ಲಿ ಮೂರನೇ ಕ್ಲಾಸು ಮುಗಿಸಿದ್ದ. ಮನೆಯವರನ್ನು ಬಿಟ್ಟರೆ ಯಾರ ಮುಂದೆಯೂ ಬಾಯಿ ಬಿಡುತ್ತಿರಲಿಲ್ಲ. ಮೇಷ್ಟ್ರು ಹಾಜರಿ ಕರೆದರೆ ಪಕ್ಕದ ಹುಡುಗ ಅವನ ಪರವಾಗಿ ಕೈ ಎತ್ತಬೇಕಿತ್ತು. ಜೂನ್‌ನಲ್ಲಿ ಅವನನ್ನು ಆ ಸಿಸ್ಟರ್‌ಗಳ ಶಾಲೆಗೇ ಸೇರಿಸಿ ಹಾಸ್ಟೆಲ್ಲಿಗೆ ಬಿಡಬೇಕೆಂದು ದೇವರಾಜು ಮನಸ್ಸು ಮಾಡಿದ್ದ. ಶಿಬಿರದಲ್ಲಿ ನಿಂತರೆ ಹಾಸ್ಟೆಲ್ಲಿನಲ್ಲೂ ನಿಂತಾನು ಎಂಬುದು ಅವನ ಲೆಕ್ಕ.

ಅಡ್ಡ ನಿಂತವಳು ತಾಯಿ ಕುಳ್ಳಮ್ಮ. ಅವಳ ದೊಡ್ಡ ಚಿಂತೆ ಮೊಮ್ಮಗನ ಜಡೆಯದು. ಯತೀಶ ಕೈಗೂಸಾಗಿದ್ದಾಗ ಜ್ವರ ನೆತ್ತಿಗೇರಿ ಕಣ್ಣು ಮೇಲೆ ಮಾಡಿದ್ದ. ಆಗ ಕುಳ್ಳಮ್ಮ ಅರಿಸಿನದ ಬಟ್ಟೆಯಲ್ಲಿ ಕಾಸು ಕಟ್ಟಿ ಮಲೆ ಮಾದಪ್ಪನಿಗೆ ಹರಕೆ ಹೊತ್ತಿದ್ದಳು. ಬೆಟ್ಟಕ್ಕೆ ಹೋಗಿ ಮುಡಿ ಕೊಡುವವರೆಗೂ ಕೂಸಿನ ತಲೆಗೆ ಕತ್ತರಿ ಸೋಕಿಸುವುದಿಲ್ಲ ಎಂದು. ಹೋಗುವುದಾದರೆ ದಾಯಾದಿಗಳೆಲ್ಲ ಒಟ್ಟಿಗೆ ಹೋಗಬೇಕು. ಒಂದು ವರ್ಷ ಸೂತಕ, ಇನ್ನೊಂದು ವರ್ಷ ಪುರುಡು, ಮತ್ತೊಂದು ವರ್ಷ ಹೊಗೆಸೊಪ್ಪು ಹದ ಮಾಡುವ ಬ್ಯಾರನ್ ಬೆಂಕಿಗೆ ಹೋಯಿತು. ಹೀಗೆ ಮುಂದಕ್ಕೆ ಹೋಗುತ್ತಾ ಹೋಗುತ್ತಾ ಹುಡುಗನ ಕೂದಲು ಸೊಂಟಕ್ಕಿಳಿದಿತ್ತು. ಈ ಸಲ ಭೀಮನ ಅಮಾವಾಸ್ಯೆಗೆ ಹೋಗುವುದೇ ಸೈ ಎಂದು ತೀರ್ಮಾನವಾಗಿತ್ತು.

"ಅಲ್ಲಿ ತಲೆ ಮೇಲೆ ನೀರಾಕಿ ಅವ್ರ ಜಾತಿಗೆ ಸೇರಿಸ್ಕತರಂತೆ," ಎಂದಳು ಕುಳ್ಳಮ್ಮ.

"ಅಂಗೆಲ್ಲ ಇಲ್ಲ ಕಣವ್ವ. ಚಾಮಯ್ಯನ ಮಗಳ್ಗೇನಾಗೈತೆ? ಸಂಜೆಗೆ ನಮ್ಮ ಮಾರಿಗುಡೀಗೇ ತಾನೆ ದೀಪ ಹಚ್ಚಕ್ಕೆ ಓಗೋದು?"

"ಊಟಕ್ಕೇನಾಕ್ತರೋ?"

"ಕೇಳ್ಕೊಂಡೇ ಬುಟ್ಟು ಬತ್ತೀನಿ, ಬುಡು."

"ಜಡೆ ಇಸ್ಯ ಮೊದ್ಲು ಏಳು. ಮಾದಪ್ಪಂದು ಅಂತ ಏಳು. ಮರೀಬ್ಯಾಡ."

ಶಿಬಿರಕ್ಕೆ ಬಿಡುವ ದಿನ ಶಾಲೆಯ ಹಜಾರದಲ್ಲಿ ತಂದೆತಾಯಿಗಳನ್ನು ಕೂರಿಸಿ ಸಿಸ್ಟರ್ ಫಿಲೋಮಿನಾ ಮಾತಾಡಿದರು. ಕೇರಳದ ಕಡೆಯವರು. ಕನ್ನಡವನ್ನು ನಿಧಾನವಾಗಿ, ಸ್ವಲ್ಪ ರಾಗವಾಗಿ ಆಡುತ್ತಿದ್ದರು. ಮಕ್ಕಳಿಗೆ ಬಂಗಾರ ಹಾಕಿ ಬಿಡಬೇಡಿ. ಹಾಸಿಗೆ, ಹೊದಿಕೆ, ಚೊಂಬು ಇರಲಿ. ತಿಂಡಿ ಪೊಟ್ಟಣ ಬೇಡ, ಇರುವೆ ಬರುತ್ತದೆ, ಜಗಳವೂ ಬರುತ್ತದೆ. ಮಧ್ಯದ ಭಾನುವಾರದವರೆಗೆ ನೋಡಲು ಬರಬೇಡಿ. ಮೊದಲ ಎರಡು ದಿನ ಅಳುತ್ತಾರೆ, ನೀವು ಬಂದರೆ ಆಮೇಲೆ ಪೂರ್ತಿ ಅಳುತ್ತಾರೆ. ಬೆಳಗಿನ ಪೂಜೆಗೆ ಕ್ರೈಸ್ತರ ಮಕ್ಕಳು ಮಾತ್ರ ಚರ್ಚಿಗೆ ಹೋಗುತ್ತಾರೆ, ಬೇರೆಯವರು ಆ ಹೊತ್ತಿನಲ್ಲಿ ತೋಟಕ್ಕೆ ನೀರು ಹಾಕುತ್ತಾರೆ. ಸಂಜೆ ಎಲ್ಲರೂ ಕೂಡಿ ಹಾಡುತ್ತೇವೆ, ಯೇಸು ಹೇಳಿದ ಕಥೆಗಳನ್ನು ನಾಟಕ ಮಾಡಿಸುತ್ತೇವೆ. ಅದು ಬೇಡ ಎನ್ನುವವರು ಈಗಲೇ ಹೇಳಿ, ನಾವು ಬೇಸರ ಮಾಡಿಕೊಳ್ಳುವುದಿಲ್ಲ.

ಯಾರೂ ಬೇಡ ಎನ್ನಲಿಲ್ಲ. ದೇವರಾಜು ಊಟದ ವಿಷಯ ಕೇಳಿದ. ಮುದ್ದೆ, ಅನ್ನ, ಸಾರು, ಭಾನುವಾರ ಕೋಳಿ ಎಂದು ಉತ್ತರ ಬಂತು. ಆಮೇಲೆ ಒಬ್ಬೊಬ್ಬರನ್ನೇ ಮೇಜಿನ ಬಳಿಗೆ ಕರೆದರು. ಸಿಸ್ಟರ್ ಹುಡುಗನ ಜಡೆ ನೋಡಿದರು.

"ಇಷ್ಟು ಉದ್ದ ಕೂದಲು ಯಾಕೆ? ಹೇಳುವುದೇನಾದರೂ ಇದ್ದರೆ ಹೇಳಿ."

ಸಾಲಿನಲ್ಲಿ ದೇವರಾಜುವಿನ ಹಿಂದೆ ಬ್ಯಾಂಕಿನವರೊಬ್ಬರು, ಅವರ ಹಿಂದೆ ಕನ್ನಡಕ ಹಾಕಿದ ಟೀಚರೊಬ್ಬರು ನಿಂತಿದ್ದರು. ದೇವರಾಜು ಅಂದು ಹೊಸ ಪ್ಯಾಂಟು ಹಾಕಿ, ಎಣ್ಣೆ ಹಚ್ಚಿ ಕ್ರಾಪು ಹಿಂದಕ್ಕೆ ಬಾಚಿಕೊಂಡು ಬಂದಿದ್ದ. ಹರಕೆ, ಮುಡಿ, ಮಾದಪ್ಪ ಎನ್ನಹೊರಟವನು ಹಿಂದೆ ನಿಂತವರ ಕಡೆ ನೋಡಿದ.

"ಏನಿಲ್ಲ ಸಿಸ್ಟರ್. ಸುಮ್ನೆ. ಅವ್ರಜ್ಜಿಗೆ ಆಸೆ," ಎಂದುಬಿಟ್ಟ.

ಮಗ ತಲೆಯೆತ್ತಿ ಅಪ್ಪನ ಮುಖ ನೋಡಿದ.

ಭಾನುವಾರ ದೇವರಾಜು ತಾಯಿಯನ್ನು ಕರೆದುಕೊಂಡು ಬಸ್ಸಿನಲ್ಲಿ ಹೊರಟ. ಹೊಗೆಸೊಪ್ಪಿನ ಸಸಿಮಡಿಗೆ ನೀರು ಹಾಕಲು ಹೆಂಡತಿ ಭಾಗ್ಯಮ್ಮ ಊರಲ್ಲೇ ಉಳಿದಳು. ತಿಂಡಿ ಬೇಡ ಎಂದಿದ್ದರೂ ಕುಳ್ಳಮ್ಮನ ಮಡಿಲಲ್ಲಿ ಕಜ್ಜಾಯದ ಗಂಟಿತ್ತು.

ಶಾಲೆಯ ಬಯಲಿನಲ್ಲಿ ಮಕ್ಕಳ ಗದ್ದಲ. ಒಬ್ಬ ಹುಡುಗ ದೊಣ್ಣೆ ಹಿಡಿದು, ಕಂಬಳಿ ಹೊದ್ದು, "ಸಿಕ್ತು! ಕಳೆದೋಗಿದ್ದ ನನ್ನ ಕುರಿ ಸಿಕ್ತು! ಎಲ್ರೂ ಬನ್ರಪ್ಪಾ!" ಎಂದು ಕೂಗುತ್ತಾ ಓಡುತ್ತಿದ್ದ. ದನಿ ಬಯಲಿನ ಆಚೆ ತುದಿಗೂ ಕೇಳುವಂತಿತ್ತು.

"ಯಾರ ಮಗನೋ, ಒಳ್ಳೆ ಗಂಟ್ಲು," ಎಂದಳು ಕುಳ್ಳಮ್ಮ.

ಹುಡುಗ ಅವರನ್ನು ಕಂಡು ದೊಣ್ಣೆ ಬಿಸಾಡಿ ಇತ್ತಲೇ ಓಡಿ ಬಂದ. ಹತ್ತಿರ ಬಂದ ಮೇಲೆಯೇ ಕುಳ್ಳಮ್ಮನಿಗೆ ಗುರುತು ಸಿಕ್ಕಿದ್ದು. ಅವಳು ಮೊಮ್ಮಗನ ತಲೆಯ ಹಿಂದೆ ಕೈ ಹಾಕಿದಳು. ಅಲ್ಲಿ ಏನೂ ಇರಲಿಲ್ಲ. ಕತ್ತಿನ ಮೇಲೆ ಮೋಟು ಕೂದಲು ಚುಚ್ಚಿತು. ಕಜ್ಜಾಯದ ಗಂಟು ನೆಲಕ್ಕೆ ಬಿತ್ತು.

"ಅಯ್ಯೋ ನನ್ನಪ್ಪಾ! ಯಾವ ಕೈಯಿ ಇದ ಮಾಡಿದ್ದು?"

ಕೂಗಿಗೆ ಸಿಸ್ಟರ್ ಫಿಲೋಮಿನಾ ಬಂದರು. ಗಾಬರಿಯಾದರೂ ಕೂರಲು ಬೆಂಚು ತೋರಿಸಿಯೇ ಮಾತು ತೆಗೆದರು. "ಹುಡುಗರು ಜಡೆ ಎಳೆದು ರೇಗಿಸುತ್ತಿದ್ದರು ಅಮ್ಮ. ನಾನು ಬೈದೆ, ನಿಲ್ಲಿಸಲಿಲ್ಲ. ಮೂರನೇ ದಿನ ಇವನೇ ನನ್ನ ಹತ್ತಿರ ಬಂದ. ಅಲ್ಲಿಯವರೆಗೆ ಇವನ ದನಿ ನಾನು ಕೇಳಿರಲಿಲ್ಲ. ಕತ್ತರಿಸಿ ಸಿಸ್ಟರ್, ಅಪ್ಪ ಹೇಳಿದ್ದಾರೆ ಅಂದ. ಅಪ್ಪನೂ ಸೇರಿಸುವ ದಿನ ಏನಿಲ್ಲ ಅಂದಿದ್ದರಲ್ಲ, ಅದಕ್ಕೆ ಕ್ಷೌರದವರನ್ನು ಕರೆಸಿದೆ."

ಕುಳ್ಳಮ್ಮ ಮಗನ ಕಡೆ ತಿರುಗಿದಳು. "ಕತ್ತರ್ಸಿ ಅಂತ ನೀನೇಳಿದ್ಯೇನ್ಲಾ?"

ದೇವರಾಜು ಹೇಳಿರಲಿಲ್ಲ. ಇಲ್ಲ ಎಂದರೆ ಸಿಸ್ಟರ್ ಮುಂದೆ, ಅಜ್ಜಿಯ ಮುಂದೆ ಯತೀಶ ಸುಳ್ಳುಗಾರನಾಗುತ್ತಾನೆ. ಆಡಿದ ಮೊದಲ ಮಾತಿಗೇ ಏಟು ಬಿದ್ದರೆ ಆ ಬಾಯಿ ಮತ್ತೆ ಮುಚ್ಚಿಕೊಂಡೀತು. ಹುಡುಗ ಕಂಬಳಿಯ ಅಂಚು ಹಿಸುಕುತ್ತಾ ನೆಲ ನೋಡುತ್ತಿದ್ದ. ಮೇಜಿನ ಮುಂದೆ ಆ ದಿನ ನಾನೇ ಸರಿಯಾಗಿ ಬಾಯಿ ಬಿಟ್ಟಿದ್ದರೆ ಇದೆಲ್ಲಿ ಬರುತ್ತಿತ್ತು ಎಂದುಕೊಂಡ ದೇವರಾಜು.

"ಊಂ ಕಣವ್ವ. ನಾನೇ ಏಳಿದ್ದು."

"ಜಡೆ ಮಾದಪ್ಪಂದು ಅಂತ ಏಳು ಅಂದಿರ್ನಿಲ್ವಾ ನಾನು?"

"ಏಳ್ನಿಲ್ಲ ಕಣವ್ವ. ನಾಚ್ಕೆ ಆಯ್ತು."

"ನಾಚ್ಕೆ! ಇವನ್ನ ಉಳಿಸಿಕೊಟ್ಟೋನ ಹೆಸ್ರೇಳಕ್ಕೆ ನಾಚ್ಕೆ! ಪ್ಯಾಂಟು ಹಾಕ್ಬುಟ್ರೆ ದೊರೆ ಆಗ್ಬುಡ್ತೀಯೇನ್ಲಾ?"

ಸಿಸ್ಟರ್‌ಗೆ ಆಗ ವಿಷಯ ತಿಳಿಯಿತು. ಒಳಗೆ ಹೋಗಿ ಬಿಳಿ ಬಟ್ಟೆಯ ಗಂಟೊಂದನ್ನು ತಂದರು. ಹೆಣೆದ ಜಡೆ ಹೆಣೆದ ಹಾಗೆಯೇ ಅದರೊಳಗಿತ್ತು. "ಅಜ್ಜಿಗೆ ಆಸೆ ಅಂದಿದ್ದರು. ಎಸೆಯಲು ಮನಸ್ಸು ಬರಲಿಲ್ಲ. ಹರಕೆಯದು ಅಂತ ಗೊತ್ತಿದ್ದರೆ ಮುಟ್ಟಲು ಬಿಡುತ್ತಿರಲಿಲ್ಲ ಅಮ್ಮ. ನಮ್ಮವರೂ ಹರಕೆ ಹೊತ್ತು ಮುಡಿ ಕೊಡುತ್ತಾರೆ."

ಕುಳ್ಳಮ್ಮ ಗಂಟನ್ನು ಕಣ್ಣಿಗೊತ್ತಿಕೊಂಡು ಸೊಂಟಕ್ಕೆ ಸಿಕ್ಕಿಸಿದಳು. ಸಿಸ್ಟರ್ ಮೇಲಿನ ಸಿಟ್ಟು ಇಳಿದರೂ ಮೊಮ್ಮಗನ ರಟ್ಟೆ ಹಿಡಿದಳು. "ನಡಿ ಮಗ, ಮನೆಗೋಗುವ. ಸಾಕು ಈ ಸಿಬಿರ."

"ನಾ ಬರಲ್ಲ!" ಎಂದ ಯತೀಶ. ಸುತ್ತಲಿದ್ದವರೆಲ್ಲ ತಿರುಗಿ ನೋಡಿದರು. "ಸಿಬಿರ ಮುಗಿಯೋ ದಿನ ನಾಟ್ಕ ಐತೆ. ನಾನಿಲ್ದಿದ್ರೆ ಕುರಿ ಹುಡುಕೋರು ಯಾರು?"

ಕುಳ್ಳಮ್ಮ ಕೈ ಸಡಿಲಿಸಿದಳು. ಇಷ್ಟು ಜನರ ನಡುವೆ ಆ ದನಿಯನ್ನು ಅವಳು ಎಂದೂ ಕೇಳಿರಲಿಲ್ಲ. ಬಿದ್ದಿದ್ದ ಕಜ್ಜಾಯದ ಗಂಟನ್ನು ಎತ್ತಿ ಧೂಳು ಕೊಡವಿ ಅವನ ಕೈಗಿಟ್ಟಳು. "ಎಲ್ರುಗೂ ಕೊಟ್ಟು ತಿನ್ನು. ಜಡೆ ಎಳ್ದೋರ್ಗೆ ಮಾತ್ರ ಕೊಡ್ಬ್ಯಾಡ."

ಬಸ್ಸು ಹುಣಸೂರು ದಾಟಿದ ಮೇಲೆ ಕುಳ್ಳಮ್ಮನ ತೀರ್ಪು ಬಂತು. ಭೀಮನ ಅಮಾವಾಸ್ಯೆವರೆಗೆ ಕಾಯುವುದು ಬೇಡ, ದಾಯಾದಿಗಳು ಬಂದರೆ ಬರಲಿ, ಬಿಟ್ಟರೆ ಬಿಡಲಿ. ಶಿಬಿರ ಮುಗಿದ ಕೂಡಲೇ ಬೆಟ್ಟಕ್ಕೆ ಹೋಗಿ ಜಡೆ ಒಪ್ಪಿಸುವುದು, ಹುಡುಗನ ಉಳಿದ ಮೋಟು ಕೂದಲನ್ನೂ ಕೊಡುವುದು.

"ತಪ್ಪುಕಾಣ್ಕೆಗೆ ನಿನ್ನ ಕ್ರಾಪೂ ಕೊಡು," ಎಂದಳು. "ನಾಚ್ಕೆ ಅದ್ರ ಜತೇಲೆ ಓಗ್ಲಿ."

ದೇವರಾಜು ಕೈಯಿಂದ ಒಮ್ಮೆ ಕ್ರಾಪು ಸವರಿಕೊಂಡ.

ಜೂನ್ ಮೊದಲ ವಾರ ಹಾಸ್ಟೆಲ್ಲಿಗೆ ಸೇರಿಸಲು ಅಪ್ಪ ಮಗ ಇಬ್ಬರೂ ಬೋಳು ತಲೆಯಲ್ಲೇ ಸಾಲಿನಲ್ಲಿ ನಿಂತರು. ಇಬ್ಬರ ನೆತ್ತಿಯ ಮೇಲೂ ಗಂಧದ ಬಣ್ಣ ಇನ್ನೂ ಉಳಿದಿತ್ತು. ಹಿಂದೆ ಅದೇ ಬ್ಯಾಂಕಿನವರು. ಸಿಸ್ಟರ್ ಫಿಲೋಮಿನಾ ಇಬ್ಬರ ತಲೆಯನ್ನೂ ನೋಡಿ ಹಲ್ಲು ಕಾಣದ ಹಾಗೆ ನಕ್ಕರು.

"ಹೇಳುವುದೇನಾದರೂ ಇದೆಯೇ?"

"ಐತೆ ಸಿಸ್ಟರ್," ಎಂದ ದೇವರಾಜು. ಸೋಮವಾರ ಮಾದಪ್ಪನ ವಾರ, ಹುಡುಗ ಮಾಂಸ ತಿನ್ನುವುದಿಲ್ಲ. ಗುಡುಗಿಗೆ ಹೆದರುತ್ತಾನೆ, ಕಿಟಕಿ ಪಕ್ಕ ಮಲಗಿಸಬೇಡಿ. ಕೂಸಾಗಿದ್ದಾಗ ಒಮ್ಮೆ ಜ್ವರ ನೆತ್ತಿಗೇರಿತ್ತು, ಮೈ ಬಿಸಿಯಾದರೆ ತಡ ಮಾಡಬೇಡಿ.

"ರಾಗಿ ಗಂಜಿ ಇಳಿಯಲ್ಲ ಅನ್ನು ಅಪ್ಪ," ಎಂದು ಮಗ ನೆನಪು ಮಾಡಿದ.

ದೇವರಾಜು ಅದನ್ನೂ ಹೇಳಿದ. ಹಿಂದೆ ನಿಂತವರು ಕಾಯಬೇಕಾಯಿತು.