ಸೇರಿಸದ ಹೆಸರು

ಫೋನಿನ ಪರದೆಯ ಮೇಲೆ ಕೆಂಪು ಅಕ್ಷರ ಮೂಡಿತು: ಪರೀಕ್ಷೆ ಬರೆಯುವವರ ಹೊರತು ಕೋಣೆಯಲ್ಲಿ ಯಾರೂ ಇರಕೂಡದು.

"ನನ್ನನ್ನೇ ಹೇಳ್ತಿರೋದು," ಎಂದು ಹಿರಿಯ ಓರಗಿತ್ತಿ ಮಂಚದಿಂದ ಎದ್ದಳು. "ಎಂಥಾ ಮೇಷ್ಟ್ರಪ್ಪ ಇವನು, ಕೂತಲ್ಲೇ ಎಲ್ಲಾ ಕಾಣತ್ತೆ!" ಕಿರಿಯವಳ ಮಗುವನ್ನು ಸೊಂಟಕ್ಕೇರಿಸಿಕೊಂಡು, ಬಾಗಿಲೆಳೆದುಕೊಂಡು ಹೊರಗೆ ಹೋದಳು.

ಕಿರಿಯವಳು ಒಬ್ಬಳೇ ಪರೀಕ್ಷೆ ಬರೆದಳು. ಪಾಠ ಕೇಳಿದ್ದು ಮಾತ್ರ ಇಬ್ಬರೂ. ಪುಟ್ಟ ಮಕ್ಕಳಿಗೆ ಕಲಿಸುವ ಬಗೆ ಹೇಳಿಕೊಡುವ ಉಚಿತ ಆನ್‌ಲೈನ್ ಕೋರ್ಸು. ಯಾವ ಊರಿನವರಾದರೂ, ಯಾವ ವಯಸ್ಸಿನವರಾದರೂ ಸೇರಬಹುದಿತ್ತು. ಮಧ್ಯಾಹ್ನ ಅತ್ತೆ ಮಲಗಿದ ಮೇಲೆ ಇಬ್ಬರೂ ಅಡುಗೆಮನೆಯಲ್ಲಿ ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿಕೊಂಡು ಕೂರುತ್ತಿದ್ದರು. ನೆಟ್‌ವರ್ಕ್ ಕೈಕೊಟ್ಟು ಮೇಡಂ ಬಾಯಿ ತೆರೆದಂತೆಯೇ ನಿಂತುಬಿಟ್ಟರೆ, ಉಳಿದ ಮಾತನ್ನು ಓರಗಿತ್ತಿಯೇ ಮುಗಿಸುತ್ತಿದ್ದಳು. ನಕ್ಕೂ ನಕ್ಕೂ ಇಬ್ಬರಿಗೂ ಕಣ್ಣಲ್ಲಿ ನೀರು. ಪಾಠ ಮತ್ತೆ ಶುರುವಾದಾಗ ಎಷ್ಟೋ ಸಲ ಮೇಡಂ ಹೇಳುತ್ತಿದ್ದದ್ದೂ ಅದೇ.

"ನನ್ನ ಹೆಸರೂ ಸೇರಿಸೇ," ಎಂದು ಓರಗಿತ್ತಿ ಮೊದಲೇ ಕೇಳಿದ್ದಳು. "ದುಡ್ಡೇನೂ ಇಲ್ವಲ್ಲ."

"ಆಯ್ತಕ್ಕ, ಸಂಜೆ ಹಾಕ್ತೀನಿ."

ಫೋನ್ ಇದ್ದದ್ದು ಕಿರಿಯವಳ ಹತ್ತಿರ ಮಾತ್ರ. ಒಂದು ಸಂಜೆ ಮಗು ರಚ್ಚೆ ಹಿಡಿಯಿತು, ಇನ್ನೊಂದು ಸಂಜೆ ಚಾರ್ಜ್ ಇರಲಿಲ್ಲ. ಎರಡೂ ಸರಿಯಿದ್ದ ದಿನ, ಕಿರಿಯವಳಿಗೆ ತಲೆಬುಡ ತಿಳಿಯದ ಪಾಠವನ್ನು ಓರಗಿತ್ತಿ ಪಾತ್ರೆ ತೊಳೆಯುತ್ತಲೇ ಬಿಡಿಸಿ ಹೇಳಿದಳು. ಕಿರಿಯವಳ ಮನಸ್ಸಿಗೆ ಏನೋ ಕುಟುಕಿದಂತಾಯಿತು. ಹೆಸರು ಸೇರಿಸುವ ಪುಟ ತೆರೆದಳು. ಕೊನೆಯ ದಿನಕ್ಕೆ ಇನ್ನೂ ಸಮಯವಿತ್ತು. ಸುಮ್ಮನೆ ನೋಡಿದಳು, ಮುಚ್ಚಿದಳು.

"ಸೇರೋ ದಿನ ಮುಗಿದುಹೋಯ್ತಂತೆ ಅಕ್ಕ."

"ಹೋಗ್ಲಿ ಬಿಡು. ಪಕ್ಕದಲ್ಲಿ ಕೂತ್ಕೊಳ್ಳೋಕೆ ಯಾರು ಬೇಡ ಅಂತಾರೆ?"

ಕಿರಿಯವಳು ಪಾಸಾದಳು. ಊರ ಇನ್ನೊಂದು ತುದಿಯ ಶಿಶುವಿಹಾರದಲ್ಲಿ ಕೆಲಸವೂ ಸಿಕ್ಕಿತು. ಮನೆಯಲ್ಲಿ ಎಲ್ಲರಿಗಿಂತ ಹಿಗ್ಗಿದವಳು ಓರಗಿತ್ತಿಯೇ. ಮೊದಲ ದಿನ ಹೊರಟು ನಿಂತಾಗ ಕಿರಿಯವಳು, "ಮುಂದಿನ ಸಲ ನಿಮ್ಮ ಹೆಸರು ಖಂಡಿತಾ ಹಾಕ್ತೀನಿ ಅಕ್ಕ," ಎಂದಳು.

"ಹಾಕಿ? ಫೋನ್ ನಿನ್ನ ಜೊತೆ ಹೋಗತ್ತೆ, ಮಗು ನನ್ನ ಜೊತೆ ಇರತ್ತೆ. ನಾನು ಯಾವಾಗ ಕೂತ್ಕೊಳ್ಲಿ ಹೇಳು?" ದನಿಯಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಕಿರಿಯವಳಿಗೆ.

"ಅಕ್ಕ, ಆವತ್ತು ನಾನು..."

"ಬಸ್ ಹೋಗಿಬಿಡತ್ತೆ ಕಣೇ, ನಡಿ."

ಶಿಶುವಿಹಾರದಲ್ಲಿ ಒಂದು ಹುಡುಗಿ ಯಾರೊಡನೆಯೂ ಮಾತಾಡುತ್ತಿರಲಿಲ್ಲ. ಕೆಲವು ದಿನ ಪಾಠದಲ್ಲಿ ಹೇಳಿದ್ದನ್ನೆಲ್ಲ ಮಾಡಿ ಸೋತ ಕಿರಿಯವಳು, ಒಂದು ಬೆಳಿಗ್ಗೆ ಆ ಹುಡುಗಿಯ ಪುಟ್ಟ ಬೂಟನ್ನೆತ್ತಿ ತನ್ನ ತಲೆಯ ಮೇಲಿಟ್ಟುಕೊಂಡಳು. ಮನೆಯಲ್ಲಿ ಓರಗಿತ್ತಿ ಮಗುವನ್ನು ಆಡಿಸುತ್ತಿದ್ದದ್ದು ಹಾಗೆ.

"ನನ್ನ ಟೋಪಿ ಚೆನ್ನಾಗಿದೆಯಾ?"

ಹುಡುಗಿ ದಿಟ್ಟಿಸಿ ನೋಡಿತು. "ಅದು ಬೂಟು," ಎಂದಿತು.

ಬಾಗಿಲಲ್ಲಿ ನಿಂತಿದ್ದ ಹೆಡ್‌ಮೇಡಂ ಬೆರಗಾಗಿ ಒಳಗೆ ಬಂದರು. "ಇದನ್ನೆಲ್ಲ ಎಲ್ಲಿ ಕಲಿತ್ರಿ?"

ಕಿರಿಯವಳು ತಲೆಯ ಮೇಲಿನ ಬೂಟನ್ನು ಸರಿಮಾಡಿಕೊಂಡಳು.

"ಆನ್‌ಲೈನಲ್ಲಿ, ಮೇಡಂ."

ಹುಡುಗಿ ಅವಳ ತಲೆಯ ಮೇಲಿನ ಬೂಟಿಗೆ ಎರಡೂ ಕೈ ಚಾಚಿ ನಿಂತಿತ್ತು.