ಅಣ್ಣನ ನಾಣ್ಯಕ್ಕೆ ಬಿದ್ದ ಕಚ್ಚು

ನಾಣ್ಯ ಸಂಗ್ರಹಕಾರರ ಸಂಘದಲ್ಲಿ ಅವರನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಕಿವಿ ಮಾಸ್ತರು ಎಂದರೆ ಮುಗಿಯಿತು. ಗಡಿಯಾರ ರಿಪೇರಿಯಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡ ಮನುಷ್ಯ. ಬೆಳ್ಳಿ ನಾಣ್ಯವನ್ನು ಬೆರಳ ತುದಿಯಲ್ಲಿ ಕೂರಿಸಿ, ಇನ್ನೊಂದು ನಾಣ್ಯದಿಂದ ಮೆಲ್ಲಗೆ ತಟ್ಟಿ, ಸದ್ದಿನ ಮೇಲೇ ತೀರ್ಪು ಕೊಡುತ್ತಿದ್ದರು. ಅಸಲಿ ಬೆಳ್ಳಿಯ ನಾದ ಉದ್ದಕ್ಕೆ ಎಳೆಯುತ್ತದೆ. ಒಳಗೆ ತಾಮ್ರ ಇಟ್ಟು ಮೇಲೆ ಬೆಳ್ಳಿ ಬಳಿದದ್ದು ಟಕ್ ಎಂದು ಬಾಯಿ ಮುಚ್ಚುತ್ತದೆ. ಪೇಟೆಯಲ್ಲಿ ಖೋಟಾ ನಾಣ್ಯಗಳ ಹಾವಳಿ ಹೆಚ್ಚಾದ ಮೇಲಂತೂ ಅವರ ಟೇಬಲ್ಲಿನ ಮುಂದೆ ಸಾಲು ನಿಲ್ಲುತ್ತಿತ್ತು.

ಸಂಘಕ್ಕೊಂದು ನಿಯಮವಿತ್ತು. ಸಿಕ್ಕಿಬಿದ್ದ ಖೋಟಾ ನಾಣ್ಯದ ಅಂಚಿಗೆ ಅಲ್ಲೇ, ಎಲ್ಲರೆದುರೇ, ಅರದಿಂದ ತಿಕ್ಕಿ ಒಂದು ಕಚ್ಚು ಹಾಕಬೇಕು. ಮತ್ತೆ ಅದು ಅಸಲಿಯ ವೇಷ ಹಾಕಿಕೊಂಡು ಇನ್ನೊಬ್ಬ ಅಮಾಯಕನ ಕೈ ಸೇರಬಾರದು. ಈ ನಿಯಮ ಮಾಡಿದವರು ಮಾಸ್ತರ ಅಣ್ಣ, ಸಂಘ ಕಟ್ಟಿದವರೂ ಅವರೇ. ಕಳೆದ ವರ್ಷ ಅವರು ತೀರಿಕೊಂಡರು. ಅವರ ಅರ ತಮ್ಮನ ಕೈಗೆ ಬಂತು.

ಆದರೆ ಆ ಪ್ರಸಿದ್ಧ ಕಿವಿ ಕೈಕೊಟ್ಟು ಬಹಳ ಕಾಲವಾಗಿತ್ತು. ಇದು ಗೊತ್ತಿದ್ದದ್ದು ಹೆಂಡತಿಗೊಬ್ಬಳಿಗೇ. ಕರೆಗಂಟೆ ಹೊಡೆದರೆ ಇವರಿಗೆ ಕೇಳದು, ಬಾಗಿಲು ತೆರೆದವಳಿಗೆ "ಯಾರು ಬಂದಿದ್ರು, ನನಗ್ಯಾಕೆ ಹೇಳಲಿಲ್ಲ" ಎಂಬ ಬೈಗುಳ ಬೇರೆ. ಡಾಕ್ಟರ ಹತ್ತಿರ ಹೋಗೋಣವೆಂದರೆ "ನನ್ನ ಕಿವಿ ಸರಿಯಾಗಿದೆ, ನಿನ್ನ ಬಾಯೇ ಸಣ್ಣದಾಗಿದೆ" ಎನ್ನುತ್ತಿದ್ದರು. ಆ ಬಾಯಿ ಸಣ್ಣದೆಂದು ಮೂರು ಮನೆಯಾಚೆಯವರೂ ಒಪ್ಪುತ್ತಿರಲಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಹಾಗಾದರೆ ಸಂಘದಲ್ಲಿ ಹೇಗೆ ನಡೆಯುತ್ತಿತ್ತು? ಮಾಸ್ತರು ನಾಣ್ಯ ತಟ್ಟಿ ಕಣ್ಣು ಮುಚ್ಚಿದಂತೆ ಮಾಡಿ, ರೆಪ್ಪೆಯ ಸಂದಿಯಿಂದ ಸುತ್ತಲಿನವರ ಮುಖ ನೋಡುತ್ತಿದ್ದರು. ನಾದ ಚೆನ್ನಾಗಿ ಬಂದರೆ ಜನರ ಹುಬ್ಬು ತಾನಾಗಿ ಮೇಲೇಳುತ್ತದೆ. ಹುಬ್ಬು ಎದ್ದರೆ ಅಸಲಿ, ಇಲ್ಲದಿದ್ದರೆ ಖೋಟಾ. ಇಷ್ಟೇ ಅವರ ವಿದ್ಯೆ. ನಾಚಿಕೆಗೇಡು, ಆದರೆ ನಡೆಯುತ್ತಿತ್ತು.

ಒಂದು ಭಾನುವಾರ ಮಾಸ್ತರ ಅತ್ತಿಗೆ ಬಂದರು. ಗ್ರಂಥಾಲಯದ ಮೇಲಿನ ಸಂಘದ ಕೋಣೆಯ ಮೆಟ್ಟಿಲನ್ನು ಅವರು ಗಂಡ ಇದ್ದಾಗಲೂ ಹತ್ತಿದವರಲ್ಲ. ಕೈಚೀಲದಿಂದ ಗಂಡನಿಗೆ ಪ್ರಾಣವಾಗಿದ್ದ ಒಂದು ದೊಡ್ಡ ಬೆಳ್ಳಿ ನಾಣ್ಯ ತೆಗೆದು ಟೇಬಲ್ಲಿನ ಮೇಲಿಟ್ಟರು.

"ಇದನ್ನ ನಿಮ್ಮ ಗಾಜಿನ ಪೆಟ್ಟಿಗೇಲಿ ಅವರ ನೆನಪಿಗೆ ಇಡ್ತೀರಾ?" ಎಂದರು.

ಪೆಟ್ಟಿಗೆಗೆ ಹೋಗುವ ನಾಣ್ಯಕ್ಕೂ ಪರೀಕ್ಷೆ ಆಗಲೇಬೇಕು. ಮಾಸ್ತರು ಅದನ್ನು ಬೆರಳ ಮೇಲೆ ಕೂರಿಸಿ ತಟ್ಟಿದರು. ಸುತ್ತ ನೋಡಿದರು. ಒಂದು ಹುಬ್ಬೂ ಏಳಲಿಲ್ಲ. ಏಳುವುದಾದರೂ ಹೇಗೆ? ತೀರಿಹೋದವರ ನಾಣ್ಯ, ಎದುರಿಗೆ ಅವರ ಹೆಂಡತಿ. ಎಲ್ಲರೂ ಗೌರವದಿಂದ ತಲೆ ತಗ್ಗಿಸಿ ನಿಂತಿದ್ದರು. ಇನ್ನೊಮ್ಮೆ ತಟ್ಟಿದರು. ಅದೇ ತಗ್ಗಿದ ತಲೆಗಳು.

"ತೂಕಾನೂ ನೋಡಿಬಿಡೋಣ ಮಾಸ್ತರೆ," ಎಂದು ಸಂಘದ ಕಾರ್ಯದರ್ಶಿ ತಕ್ಕಡಿ ಮುಂದೆ ತಳ್ಳಿದಳು. ಮಾಸ್ತರು ಅದನ್ನು ಪಕ್ಕಕ್ಕೆ ಸರಿಸಿದರು.

"ಅದೇನೂ ಬೇಡ. ಅಣ್ಣನದಾದ್ರೇನು, ಖೋಟಾ ಅಂದ್ರೆ ಖೋಟಾನೇ. ನಿಯಮ ಎಲ್ಲರಿಗೂ ಒಂದೇ."

ಆ ಮಾತು ಆಡುವಾಗ ಅವರ ಎದೆ ಉಬ್ಬಿತ್ತು. ಸ್ವಂತ ಅಣ್ಣನಿಗೂ ದಾಕ್ಷಿಣ್ಯ ತೋರಿಸದ ಮನುಷ್ಯ ಎಂದು ಜನ ನಾಳೆ ಹೇಳುವುದನ್ನು ಅವರಾಗಲೇ ಮನಸ್ಸಿನಲ್ಲಿ ಕೇಳಿ ಮುಗಿಸಿದ್ದರು. ಅಂಥದ್ದೆಲ್ಲ ಅವರಿಗೆ ಚೆನ್ನಾಗಿ ಕೇಳುತ್ತಿತ್ತು.

ಅರ ಹಿಡಿದು ಅಂಚಿಗೆ ತಿಕ್ಕಿದರು. ಬೆಳ್ಳಿ ಲೇಪ ಹರಿದು ಕೆಂಪು ತಾಮ್ರ ಇಣುಕಬೇಕು. ಬಿಳಿ ಬಂತು. ಲೇಪ ದಪ್ಪವಿರಬೇಕೆಂದು ಇನ್ನಷ್ಟು ತಿಕ್ಕಿದರು. ಮತ್ತೂ ಬಿಳಿ. ಟೇಬಲ್ಲಿನ ಬಟ್ಟೆಯ ಮೇಲೆ ಉದುರಿದ ಪುಡಿಯೂ ಬಿಳಿ. ಒಳಗಿನ ತಿರುಳಿನವರೆಗೂ ಬೆಳ್ಳಿ, ಅಪ್ಪಟ ಬೆಳ್ಳಿ.

ಅಲ್ಲೇ ನಿಲ್ಲಿಸಿ "ತಪ್ಪಾಯ್ತು" ಎನ್ನಬಹುದಿತ್ತು. ಅವರು ಹೆಬ್ಬೆರಳನ್ನು ಕಚ್ಚಿನ ಮೇಲೆ ಒತ್ತಿ, ಪುಡಿಯನ್ನು ಊದಿ, ನಾಣ್ಯವನ್ನು ಕಾಗದದಲ್ಲಿ ಸುತ್ತಿ ಅತ್ತಿಗೆಯ ಕೈಗಿಟ್ಟರು. "ಪಾಪ, ಅಣ್ಣನಿಗೆ ಯಾರೋ ಮೋಸ ಮಾಡಿದ್ದಾರೆ," ಎಂದೂ ಸೇರಿಸಿದರು.

ಕೈಚೀಲದ ಜಿಪ್ಪು ಎಳೆಯಲು ಅತ್ತಿಗೆಗೆ ಬಹಳ ಹೊತ್ತು ಬೇಕಾಯಿತು. ಗಂಡ ಕಟ್ಟಿದ ಸಂಘದ ಕೋಣೆಯಿಂದ ಅವರು ಕಳ್ಳಮಾಲಿನೊಂದಿಗೆ ಸಿಕ್ಕಿಬಿದ್ದವರಂತೆ ಗೋಡೆ ಹಿಡಿದು ಇಳಿದರು.

ಮನೆಗೆ ಬಂದ ಮಾಸ್ತರಿಗೆ ಊಟ ಸೇರಲಿಲ್ಲ. ಆಗಲೇ ಅತ್ತಿಗೆಯ ಫೋನ್ ಬಂತು. ಹೆಂಡತಿ ಮಾತಾಡಿ ಮುಗಿಸಿ ಹೊರಗೆ ಬಂದಾಗ ಅವಳ ಮುಖ ಕಪ್ಪಿಟ್ಟಿತ್ತು.

"ಅಕ್ಕ ಅಳ್ತಿದ್ರು. ಅಕ್ಕಸಾಲಿಗೆ ಬರೋಕೆ ಹೇಳಿದ್ದಾರಂತೆ."

"ಯಾರಿಗೆ?"

"ಅಕ್ಕಸಾಲಿಗೆ! ಭಾವನ ನಾಣ್ಯ ಎಲ್ಲಾ ಕರಗಿಸಿಬಿಡ್ತಾರಂತೆ! ಅಷ್ಟು ಇಷ್ಟಪಟ್ಟಿದ್ದೇ ಖೋಟಾ ಆದ್ಮೇಲೆ ಮಿಕ್ಕಿದ್ದು ಏನಿರತ್ತೆ, ಸತ್ತವರ ಹೆಸರು ಇನ್ನೊಂದ್ಸಲ ಬೀದಿಗೆ ಬರೋದು ಬೇಡ ಅಂತಾರೆ!"

ಮಾಸ್ತರು ಕೈ ತೊಳೆಯದೆ ಎದ್ದರು. ಚಪ್ಪಲಿ ಹುಡುಕುತ್ತಲೇ ಕಚ್ಚು, ಬಿಳಿ ಪುಡಿ, ಹೆಬ್ಬೆರಳು, ಹುಬ್ಬುಗಳ ಕತೆ, ಎಲ್ಲವನ್ನೂ ಹೆಂಡತಿಯ ಮುಂದೆ ಕಕ್ಕಿದರು. ಅವಳು ಬೈಯುತ್ತಾಳೆಂದುಕೊಂಡಿದ್ದರು. ಬೈದಿದ್ದರೆ ಚೆನ್ನಾಗಿತ್ತು. ಅವಳು ಸುಮ್ಮನೆ ಮನೆಗೆ ಬೀಗ ಹಾಕಿ ಜೊತೆಗೆ ನಡೆದಳು.

ಅತ್ತಿಗೆಯ ಮನೆಯ ಊಟದ ಮೇಜಿನ ಮೇಲೆ ಅಣ್ಣನ ಆಲ್ಬಮ್ಮುಗಳು ಖಾಲಿಯಾಗಿ ಬಾಯಿ ತೆರೆದು ಬಿದ್ದಿದ್ದವು. ನಾಣ್ಯಗಳೆಲ್ಲ ಹಳೆಯ ದಿಂಬಿನ ಕವರಿನೊಳಗೆ ಸೇರಿದ್ದವು. ಅಕ್ಕಸಾಲಿ ಇನ್ನೂ ಬಂದಿರಲಿಲ್ಲ.

"ಅತ್ತಿಗೆ, ಅದು ಅಸಲಿ," ಎಂದರು ಮಾಸ್ತರು ನಿಂತಲ್ಲೇ. "ಖೋಟಾ ಅಂತ ನಾನೇ ತಪ್ಪು ಹೇಳಿದೆ. ಅರ ಹಾಕಿದಾಗ್ಲೇ ಗೊತ್ತಾಯ್ತು. ಗೊತ್ತಾದ್ಮೇಲೂ ಮುಚ್ಚಿಟ್ಟೆ."

ಅತ್ತಿಗೆ ಅವರ ಮುಖವನ್ನೇ ನೋಡಿದರು. ಕಾಗದ ಬಿಚ್ಚಿ ನಾಣ್ಯವನ್ನು ಮೇಜಿನ ಮೇಲೆ ಬೀಳಿಸಿದರು. ಮಾಸ್ತರ ಹೆಂಡತಿಯ ಹುಬ್ಬು ಮೇಲೆದ್ದಿತು, ಮಾಸ್ತರದು ಏಳಲಿಲ್ಲ.

"ಕೇಳಿಸ್ತಾ?" ಎಂದರು ಅತ್ತಿಗೆ, ತುಟಿಯಾಡಿಸಿದ್ದು ಕಾಣುವಷ್ಟು ನಿಧಾನವಾಗಿ.

"ಇಲ್ಲ," ಎಂದರು ಮಾಸ್ತರು. ಆ ಮಾತನ್ನು ಅವರು ಯಾರೆದುರೂ ಆಡಿದ್ದಿಲ್ಲ. ನೆಲ ಬಾಯಿಬಿಟ್ಟಿದ್ದರೆ ಇಳಿದುಹೋಗುತ್ತಿದ್ದರು.

"ನನ್ನೆದುರು ಹೇಳಿದ್ರೆ ಏನು ಬಂತು? ಅವರ ಮಾನ ಕಳೆದಿದ್ದು ಅಲ್ಲಿ. ಅಲ್ಲೇ ಹೇಳಿ."

ಮುಂದಿನ ಭಾನುವಾರ ಮಾಸ್ತರು ಸಂಘದಲ್ಲಿ ತಮ್ಮ ಕುರ್ಚಿಯ ಪಕ್ಕದಲ್ಲಿ ನಿಂತರು. ಕೂರಲು ಧೈರ್ಯ ಬರಲಿಲ್ಲ. ಹೆಂಡತಿ ಪಕ್ಕದಲ್ಲಿದ್ದಳು, ಅತ್ತಿಗೆ ಮುಂದಿನ ಸಾಲಿನಲ್ಲಿ ಕೂತಿದ್ದರು. ಅಣ್ಣನ ನಾಣ್ಯ ಬೆರಳ ಮೇಲಿಟ್ಟು ತಟ್ಟಿದರು. ಈಗ ಎಲ್ಲರೂ ತಲೆಯೆತ್ತಿ ನೋಡುತ್ತಿದ್ದರು. ಹುಬ್ಬುಗಳು ಸಾಲಾಗಿ ಎದ್ದವು.

"ನಿಮಗೆಲ್ಲ ಕೇಳಿಸ್ತು. ನನಗೆ ಕೇಳಿಸ್ಲಿಲ್ಲ. ಬಹಳ ಕಾಲದಿಂದ ಕೇಳಿಸ್ತಿಲ್ಲ. ನಿಮ್ಮ ಮುಖ ನೋಡ್ಕೊಂಡು ತೀರ್ಪು ಕೊಡ್ತಿದ್ದೆ. ಅಣ್ಣನ ಹತ್ರ ಖೋಟಾ ಇರಲಿಲ್ಲ. ಈ ಕುರ್ಚೀಲಿ ಕೂತಿದ್ದೇ ಖೋಟಾ."

ಅರವನ್ನು ಕಾರ್ಯದರ್ಶಿಯ ಮುಂದಿಟ್ಟರು. ಅವಳ ಕಣ್ಣು ತುಂಬಿತ್ತು. ಅವಳು ಏನೋ ಹೇಳಿದಳು. ಹಿಂದೆ ನಿಂತವರೂ ಏನೇನೋ ಹೇಳತೊಡಗಿದರು. ತುಟಿಗಳು ಆಡುತ್ತಿದ್ದವು, ಉಗಿಯುತ್ತಿದ್ದಾರೋ ಸಮಾಧಾನ ಹೇಳುತ್ತಿದ್ದಾರೋ ಮಾಸ್ತರಿಗೆ ತಿಳಿಯಲಿಲ್ಲ. ಅಭ್ಯಾಸಬಲದಿಂದ ಹೆಂಡತಿಯ ಕಡೆ ಬಾಗಿದರು.

"ಏನಂತಾರೆ?"

ಇಷ್ಟು ವರ್ಷ ಎಲ್ಲವನ್ನೂ ಎರಡೆರಡು ಸಲ ಹೇಳಿದವಳು ಈ ಸಲ ಹೇಳಲಿಲ್ಲ. "ಅವರನ್ನೇ ಕೇಳಿ," ಎಂದಳು.

ಮಾಸ್ತರು ಕೋಣೆಯತ್ತ ತಿರುಗಿದರು. ಕೈಯನ್ನು ಬಟ್ಟಲು ಮಾಡಿ, ಎಲ್ಲರಿಗೂ ಕಾಣುವಂತೆ, ಕಿವಿಯ ಹಿಂದೆ ಇಟ್ಟುಕೊಂಡರು.

"ಸ್ವಲ್ಪ ಜೋರಾಗಿ ಹೇಳಿ," ಎಂದರು. "ನನಗೆ ಕೇಳಿಸಲ್ಲ."

ಕಾರ್ಯದರ್ಶಿ ಹತ್ತಿರ ಬಂದು ಅವರ ಕಿವಿಗೆ ಬಾಗಿ ಕೂಗಿದಳು: "ನಮಗೆ ಅವತ್ತೂ ಕೇಳಿಸಿತ್ತು ಮಾಸ್ತರೆ! ನಾದ ಚೆನ್ನಾಗೇ ಬಂತು! ನಿಮ್ಮ ಕಿವಿ ಮುಂದೆ ನಮ್ಮ ಕಿವಿ ಎಷ್ಟರದು ಅಂತ ಎಲ್ಲರೂ ಸುಮ್ಮನಿದ್ವಿ!"

ಕೂಗಿ ಮುಗಿಸಿದವಳು ತಲೆ ತಗ್ಗಿಸಿದಳು. ಉಳಿದವರೂ ತಗ್ಗಿಸಿದರು. ಅತ್ತಿಗೆ ಎದ್ದು ಬಂದು, ಯಾರನ್ನೂ ಕೇಳದೆ, ನಾಣ್ಯವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಕಚ್ಚು ಬಾಗಿಲಿನ ಕಡೆಗೆ, ಬಂದವರಿಗೆಲ್ಲ ಮೊದಲು ಕಾಣುವಂತೆ.