ಜಡ್ಡಾದ ಆಡಿನ ಹಿಕ್ಕಿ

ಬೇಸ್‌ಮೆಂಟಿನ ದಾರದ ಮೇಲೆ ಇಪ್ಪತ್ತೆರಡು ಜಿಪ್ ಚೀಲಗಳು ತಲೆಕೆಳಗಾಗಿ ಒಣಗುತ್ತಿದ್ದವು. ನೇತ್ರಾ ಒಂದನ್ನು ಬೆಳಕಿಗೆ ಹಿಡಿದಳು. ಮೇಲೆ ಬರೆದಿದ್ದ ತಾರೀಖಿಲ್ಲ, ಆಡಿನ ನಂಬರಿಲ್ಲ. ನಾರಿನಿಂದ ಉಜ್ಜಿದ ಚೀಲ ಅಂಗಡಿಯಿಂದ ಈಗಷ್ಟೇ ತಂದದ್ದರಂತೆ ಹೊಳೆಯುತ್ತಿತ್ತು.

“ಅತ್ತಿ, ಇದರಾಗಿನ ಹಿಕ್ಕಿ ಎಲ್ಲಿ?”

“ಕರಿಬೇವಿಗೆ ಹಾಕೇನವ್ವಾ,” ಎಂದರು ಪಾರ್ವತೆವ್ವ. ಗೋಕಾಕದ ಕಡೆಯಿಂದ ಬಂದು ಅವರಿಗೆ ಇನ್ನೂ ತಿಂಗಳಾಗಿರಲಿಲ್ಲ. “ಅಂಥಾ ಗೊಬ್ಬರ ಫ್ರಿಜ್ಜಿನ್ಯಾಗ ಯಾಕ ಇಟ್ಟಿದ್ದಿ? ಈ ಕೆನಡಾದಾಗ ಹುಡುಕಿದ್ರೂ ಸಿಗೂದಿಲ್ಲ.”

ಏಳು ವರ್ಷದ ಸಾನ್ವಿ ಟ್ಯಾಬಿನಿಂದ ತಲೆಯೆತ್ತದೆ ಹೇಳಿದಳು. “ಅಜ್ಜಿ, ದಟ್ ವಾಸ್ ಅಮ್ಮಾಸ್ ಹೋಮ್‌ವರ್ಕ್.”

ಒಶಾವಾದ ಯೂನಿವರ್ಸಿಟಿಯಲ್ಲಿ ನೇತ್ರಾಳ ಎರಡು ವರ್ಷದ ಓದು ಆ ಚೀಲಗಳಲ್ಲಿತ್ತು. ದೇಶದ ಪಶ್ಚಿಮದ ತುದಿಯ ಒಂದು ಬೆಟ್ಟದಲ್ಲಿ ಕಾಡು ಆಡುಗಳ ಮರಿಗಳು ಮೂರು ವರ್ಷದಿಂದ ಕೆಮ್ಮಿ ಕೆಮ್ಮಿ ಸಾಯುತ್ತಿದ್ದವು. ಚಳಿ, ಹಸಿವು ಎನ್ನುತ್ತಿದ್ದರು ಪ್ರೊಫೆಸರು; ಶ್ವಾಸಕೋಶದ ಹುಳು ಎನ್ನುತ್ತಿದ್ದಳು ಇವಳು. ಆ ಹುಳುವಿನ ಮರಿಗಳು ಹಿಕ್ಕೆಯಲ್ಲಿ ಹೊರಬೀಳುತ್ತವೆ, ಸೂಕ್ಷ್ಮದರ್ಶಕದಲ್ಲಿ ಕಾಣುತ್ತವೆ. ಸೆಪ್ಟೆಂಬರಿನಲ್ಲಿ ಮೊಣಕಾಲು ತರಚಿಕೊಂಡು ಬೆಟ್ಟ ಹತ್ತಿ ಆ ಹಿಕ್ಕೆಯನ್ನು ಹೆಕ್ಕಿ ತಂದಿದ್ದಳು. ಲ್ಯಾಬಿನ ಫ್ರಿಜ್ ಕೆಟ್ಟಿತೆಂದು ಎರಡು ದಿನದ ಮಟ್ಟಿಗೆ ಮನೆಯಲ್ಲಿಟ್ಟದ್ದೇ ತಪ್ಪಾಯಿತು. ಈಗ ಅಲ್ಲಿ ಹಿಮ ಬಿದ್ದಿದೆ, ಜೂನ್‌ವರೆಗೆ ದಾರಿಯಿಲ್ಲ.

ಕರಿಬೇವಿನ ಕುಂಡಕ್ಕೆ ಕೈಹಾಕಿದಳು. ಹಿಕ್ಕೆಯೆಲ್ಲ ನೀರು ಕುಡಿದು ಮಣ್ಣಾಗಿತ್ತು. ಇದರಲ್ಲಿ ಏನು ಕಂಡರೂ ಮಣ್ಣಿನ ಹುಳುವೆಂದು ಪ್ರೊಫೆಸರು ತಳ್ಳಿಹಾಕುತ್ತಾರೆ.

“ಎಲ್ಲಾ ಹಾಕಿಲ್ಲ ಮತ್ತ,” ಅತ್ತೆ ಸಮಾಧಾನ ಹೇಳಿದರು. “ಐದಾರು ಚೀಲದಾಗಿಂದು ಛಲೋ ಇರಲಿಲ್ಲ. ಲೋಳಿ ಲೋಳಿ, ಒಂದಕ್ಕೊಂದು ಅಂಟಿದ್ದು. ಜಡ್ಡಾದ ಆಡಿಂದು. ಮೂವತ್ತ ವರ್ಷ ಆಡ ಕಾದೇನಿ, ನನಗ ತಿಳೀತೈತಿ. ಗಿಡಕ್ಕ ಯಾಕ ಅಂತ ಹಸರ ಕಸದ ಡಬ್ಬಿಗೆ ಚೆಲ್ಲಿದೆ.”

ನೇತ್ರಾಳಿಗೆ ಬೇಕಾಗಿದ್ದವು ಅವೇ, ಕಾಯಿಲೆ ಬಿದ್ದ ಆಡಿನವೇ. ಬೈಯಬೇಕೆಂದರೆ ಯಾವುದಕ್ಕೆ ಬೈಯುವುದು? ಚೀಲ ತೊಳೆದದ್ದಕ್ಕೋ, ಸರಿಯಾಗಿ ಗುರುತು ಹಿಡಿದದ್ದಕ್ಕೋ?

“ಡಬ್ಬಿ ಎಲ್ಲೈತ್ರಿ?”

“ಹೊರಗ. ಕಸದ ಗಾಡಿ ಬಂದು ಹೋತಲ್ಲ, ಮುಂಜಾನೆ.”

ಬರಿಗಾಲಲ್ಲೇ ಹೊರಗೋಡಿದಳು. ರಸ್ತೆಯಂಚಿನಲ್ಲಿ ಕಸದ ಡಬ್ಬಿ ಬಾಯಿ ತೆರೆದುಕೊಂಡು ಮಗುಚಿ ಬಿದ್ದಿತ್ತು. ನಾಲ್ಕು ಕಾಳು ಹಿಕ್ಕೆಯಾದರೂ ತಳಕ್ಕೆ ಅಂಟಿರಬಹುದು. ನಂಬರಿಲ್ಲದಿದ್ದರೂ ಹುಳು ಇದೆಯೆಂದಾದರೂ ತೋರಿಸಬಹುದು. ಮೊಣಕಾಲೂರಿ ತಲೆ ಒಳಗೆ ಹಾಕಿದಳು. ಹುಳಿವಾಸನೆ, ಕತ್ತಲು.

“ಏನೂ ಕಾಣವಲ್ದು,” ಎಂದಳು ಒಳಗಿನಿಂದ.

ಎದುರು ಮನೆಯವರು ಕಾರಿನ ಬಾಗಿಲು ಹಿಡಿದುಕೊಂಡು ನೋಡುತ್ತ ನಿಂತಿದ್ದರು. ಪಾರ್ವತೆವ್ವ ನಿಧಾನವಾಗಿ ನಡೆದು ಬಂದರು. ಸೊಂಟ ಹಿಡಿದುಕೊಂಡು ಸೊಸೆಯ ಪಕ್ಕ ಕುಳಿತು, ಡಬ್ಬಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು, ಬಿಸಿಲು ಒಳಗೆ ಬೀಳುವಂತೆ ಮೆಲ್ಲಗೆ ತಿರುಗಿಸಿದರು.